ಹನ್ನೆರಡು ಗಂಟೆ ಹತ್ತು ನಿಮಿಷ

ಗುಂಡನ ಕೆಲಸ ವಿಮಾನ ನಿಲ್ದಾಣದ ಹಿಂಭಾಗದ ಕಿಟಕಿಯಿಲ್ಲದ ಕೋಣೆಯಲ್ಲಿ. ಯಾವ ವಿಮಾನ ಯಾವ ದಾರಿ ಹಿಡಿಯಬೇಕು, ಮೇಲೆ ಗಾಳಿ ಹೇಗಿದೆ, ಎಷ್ಟು ಇಂಧನ ಬೇಕು ಎಂದು ನೋಡಿ ಪೈಲಟ್‌ಗಳ ಕೈಗೆ ಕಾಗದ ಕೊಡುವುದು. ಐವತ್ತೆರಡು ತುಂಬಿದವನನ್ನು ಇನ್ನೂ ಗುಂಡ ಎನ್ನುತ್ತಿದ್ದವಳು ಅಕ್ಕ ಒಬ್ಬಳೇ. ಅವಳು ಒಂಬತ್ತು ಸಾವಿರದ ಎಂಟುನೂರು ಕಿಲೋಮೀಟರ್ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಆ ಊರಿನ ವಿಮಾನಕ್ಕೆ ದಿನಾ ದಾರಿ ಹಾಕುತ್ತಿದ್ದವನೂ ಇವನೇ. ಎದುರುಗಾಳಿಯಲ್ಲಿ ಹೋಗಲು ಹನ್ನೆರಡು ಗಂಟೆ ಹತ್ತು ನಿಮಿಷ, ಬರಲು ಹನ್ನೊಂದೂ ಬೇಡ. ನೌಕರನಾದ್ದರಿಂದ ಟಿಕೆಟ್ಟೂ ಪುಕ್ಕಟೆ. ಆದರೂ ಒಂಬತ್ತು ವರ್ಷದಿಂದ ಅತ್ತ ತಲೆ ಹಾಕಿರಲಿಲ್ಲ. ಮುನಿಸಲ್ಲ, ಜಗಳವಲ್ಲ. ಯಾವಾಗ ಬೇಕಾದರೂ ಹೋಗಬಹುದಲ್ಲ ಎಂಬ ಉದಾಸೀನ, ಅಷ್ಟೇ.

ಒಂದು ದಿನ ಅಕ್ಕ ಫೋನಿನಲ್ಲಿ ಹೇಳಿದಳು: "ಸೂಜಿಗೆ ದಾರ ಪೋಣಿಸೋಕೇ ಆಗ್ತಿಲ್ಲ ಕಣೋ. ಕಣ್ಣಿನ ನರ ಒಣಗ್ತಿದೆಯಂತೆ. ಹೋದ ದೃಷ್ಟಿ ವಾಪಸ್ ಬರಲ್ಲ ಅಂದ್ರು ಡಾಕ್ಟರು. ಈ ಫೋನಲ್ಲಿ ನೀನು ಮಂಜುಮಂಜಾಗಿ ಕಾಣ್ತೀಯ. ಹತ್ತಿರ ಕೂರಿಸ್ಕೊಂಡು ಒಂದು ಸಲ ನೋಡ್ಬೇಕು."

"ರಜ ಸಿಗ್ತಿಲ್ಲ ಅಕ್ಕ. ಮುಂದಿನ ತಿಂಗಳು ಖಂಡಿತ."

ಮುಂದಿನ ತಿಂಗಳೂ ಅದೇ ಮಾತು, ಅದರ ಮುಂದಿನ ತಿಂಗಳೂ ಅದೇ ರಾಗ. ಒಂದು ಮಧ್ಯಾಹ್ನ ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ಅಮ್ಮನಿಗೆ ಈಗ ಬೆಳಕು ಯಾವುದು, ಕತ್ತಲೆ ಯಾವುದು, ಅಷ್ಟೇ ಗೊತ್ತಾಗೋದು."

ಗುಂಡ ಕೂಡಲೇ ರಜಕ್ಕೆ ಅರ್ಜಿ ಬರೆದ, ಸಾಹೇಬರು ತಲೆಯೆತ್ತದೆಯೇ ಸಹಿ ಹಾಕಿದರು. ಮಾರನೆಯ ದಿನ ವಿಮಾನದಲ್ಲಿ ಎರಡು ಸಲ ಊಟ ಮಾಡಿದ, ಒಂದು ನಿದ್ದೆ ತೆಗೆದ, ಇಳಿದೇಬಿಟ್ಟ. ಇಷ್ಟೇನಾ ಎನಿಸಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಕ್ಕ ಗೋಡೆ ಸವರುತ್ತ ಬಾಗಿಲಿಗೆ ಬಂದಳು. ಎರಡೂ ಕೈಯಿಂದ ಅವನ ಮುಖ ಮುಟ್ಟಿದಳು. ಹಣೆ, ಮೂಗು, ಆಮೇಲೆ ನೆತ್ತಿ.

"ಅಯ್ಯೋ, ಕೂದಲೆಲ್ಲ ಎಲ್ಲಿ ಕಳ್ಕೊಂಡ್ಯೋ?" ಎಂದು ನಕ್ಕಳು. ಬೆರಳಿಗೆ ಒದ್ದೆ ತಗುಲಿತು. "ಅಳ್ತೀಯಾಕೋ? ರಜ ಸಿಗದಿದ್ರೆ ನೀನಾದ್ರೂ ಏನು ಮಾಡ್ತಿದ್ದೆ?"

ಅವನಿಂದ ತಡೆಯಲಾಗಲಿಲ್ಲ. "ಸುಳ್ಳು ಅಕ್ಕ. ನಾನು ರಜ ಕೇಳೇ ಇರಲಿಲ್ಲ."

ಅಕ್ಕನ ಕೈ ಕೆಳಗಿಳಿಯಿತು. ಗೋಡೆಗೆ ಒರಗಿ ಅಂದಳು: "ನಾನು ನಂಬಿಕೊಂಡು ಸಮಾಧಾನವಾಗಿದ್ದೆ. ಈಗ್ಯಾಕೆ ಹೇಳ್ದೆ?"

ಗುಂಡ ಹದಿನೈದು ದಿನ ಇದ್ದ. ಅಕ್ಕ ಬಡಿಸಿದಳು, ಹಳೇ ಕತೆ ತೆಗೆದಳು, ನಕ್ಕಳು ಕೂಡ. ಈಗ ಅವನು ವರ್ಷಕ್ಕೆರಡು ಸಲ ತಪ್ಪದೆ ಹೋಗುತ್ತಾನೆ. ಅವಳೂ ಅಕ್ಕರೆಯಿಂದಲೇ ಕರೆದು ಕೂರಿಸುತ್ತಾಳೆ. ಆದರೆ ಅವನ ಮುಖವನ್ನು ಮಾತ್ರ ಮತ್ತೆ ಮುಟ್ಟಿ ನೋಡಿಲ್ಲ. ಮುಟ್ಟು ಎಂದು ಕೇಳಲು ಅವನಿಗೂ ಬಾಯಿ ಬಂದಿಲ್ಲ.