ಭಾವನ ಹಳೇ ಪ್ರೊಸೆಸರ್

"ಅಲ್ಲಾಡ್ತಾನೇ ಇಲ್ಲಮ್ಮ ಇದು!" ಫೋನಿನಲ್ಲಿ ಭಾವ ಏದುಸಿರು ಬಿಡುತ್ತಿದ್ದರು. "ಸ್ಕ್ರೂ ಎಲ್ಲ ಬಿಚ್ಚಿದೆ. ಪ್ರೊಸೆಸರ್ ಮೇಲಿನ ಫ್ಯಾನು ಮಾತ್ರ ಅಂಟಿಕೊಂಡು ಕೂತಿದೆ. ಎಳೆದುಬಿಡ್ಲಾ?"

ಎಡಿಟರಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು. ಗಿರಾಕಿಗಳೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಎಡಿಟರಮ್ಮ ಅಂತ. ಎದುರಿನ ಪರದೆಯಲ್ಲಿ ಯಾರದೋ ಮದುವೆ ವಿಡಿಯೋ ಬೆಳಗಿನಿಂದ ತೆವಳುತ್ತಿತ್ತು. ಮದುಮಗಳು ಬಾಗಿಲು ದಾಟುವಷ್ಟರಲ್ಲೇ ಇವಳ ಕಂಪ್ಯೂಟರಿಗೆ ಉಬ್ಬಸ ಬಂದುಬಿಡುತ್ತಿತ್ತು. ವಿಡಿಯೋ ತಡವಾಯಿತೆಂದು ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಡುತ್ತಿದ್ದರು. ಹೋಗಿ ಸೇರುತ್ತಿದ್ದದ್ದು ಎಲ್ಲಿಗೆ? ಭಾವನ ಹತ್ತಿರಕ್ಕೇ, ಸ್ವಂತ ಅಕ್ಕನ ಗಂಡನ ಹತ್ತಿರಕ್ಕೇ.

ಮೊದಲು ಸ್ಟುಡಿಯೋ ಇಬ್ಬರದೂ ಆಗಿತ್ತು. ಕ್ಯಾಮೆರಾ ಭಾವನದು, ಎಡಿಟಿಂಗ್ ಇವಳದು. ಕಂಪ್ಯೂಟರುಗಳು ಎರಡು, ಒಳಗೆ ಪ್ರೊಸೆಸರ್ ಕೂರುವ ಬೋರ್ಡು ಎರಡಕ್ಕೂ ಒಂದೇ ಥರದ್ದು. ಇವಳು ಕೂರುತ್ತಿದ್ದದ್ದರಲ್ಲಿ ಜೋರು ಪ್ರೊಸೆಸರು, ಬಿಲ್ಲು ಬರೆಯುವುದರಲ್ಲಿ ಅಗ್ಗದ್ದು. ಬೇರೆಯಾಗುವ ದಿನ ಭಾವ ಜೋರಾದದ್ದನ್ನು ತಮ್ಮ ಕಡೆಗೆ ಎಳೆದುಕೊಂಡು, ಅಗ್ಗದ್ದನ್ನು ಕಾಲಿನಿಂದ ಇವಳತ್ತ ಸರಿಸಿ, ಮನೆಮಂದಿಯೆಲ್ಲರ ಎದುರಿಗೇ "ನಿನ್ನ ಕೆಲಸಕ್ಕೆ ಇದು ಸಾಕಮ್ಮ" ಅಂದಿದ್ದರು. ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕಿದ್ದರು. ಆ ನಗು ಇವಳ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

ಹೊಸ ಕಂಪ್ಯೂಟರ್ ಕೊಳ್ಳುವ ತಾಕತ್ತು ಇವಳಿಗಿರಲಿಲ್ಲ. ಪ್ರೊಸೆಸರ್ ಒಂದನ್ನೇ ಬದಲಾಯಿಸೋಣವೆಂದರೆ, ಈ ಬೋರ್ಡಿಗೆ ಕೂರುವ ಹೊಸವುಗಳ ಬೆಲೆ ಕೈಗೆಟುಕದ್ದು, ಹಳೆಯವು ಈಗ ಅಂಗಡಿಗೆ ಬರುವುದೇ ಇಲ್ಲ. ಇವಳಿಗೆ ಗೊತ್ತಿದ್ದ ಹಳೆಯದು ಒಂದೇ ಒಂದು, ಅದು ಭಾವನ ಬಳಿ. ಅವರು ಬದಲಾಯಿಸಿದ ದಿನವೇ ನಾನೂ ಬದಲಾಯಿಸೋದು ಎಂದು ಹಲ್ಲುಕಚ್ಚಿ ಕಾದಿದ್ದಳು. ಹೊಸದು ತರುತ್ತಾರೆಂಬ ಸುದ್ದಿ ಸಿಕ್ಕ ಕೂಡಲೇ ಹಳೆಯದನ್ನು ಬಾಯಿಬಿಟ್ಟು ಕೇಳಿಯೂ ಇದ್ದಳು. "ಅದಕ್ಕೆ ಆಗಲೇ ಗಿರಾಕಿ ಇದಾರೆ. ನಿನಗ್ಯಾಕಮ್ಮ ಅಂಥದ್ದು?" ಅಂದಿದ್ದರು ಪುಣ್ಯಾತ್ಮ!

ಈಗ ಅದೇ ಭಾವ ಎಳೆಯಲಾ ಅಂತ ಕೇಳುತ್ತಿದ್ದಾರೆ. ಆ ಫ್ಯಾನಿನಡಿಗೆ ಬಿಸಿ ಸಾಗಿಸುವ ಪೇಸ್ಟು ಹಚ್ಚಿದವಳು ಇವಳೇ. ವರ್ಷಗಟ್ಟಲೆ ಒಣಗಿ ಗೋಂದಾಗಿರುತ್ತದೆ. ಮೊದಲು ಕಂಪ್ಯೂಟರಿಗೆ ಒಂದಷ್ಟು ಹೊತ್ತು ಕೆಲಸ ಕೊಟ್ಟು ಬಿಸಿ ಮಾಡಬೇಕು, ಪೇಸ್ಟು ಸಡಿಲವಾದ ಮೇಲೆ ಆರಿಸಿ, ಫ್ಯಾನನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಬೇಕು. ತಣ್ಣಗಿದ್ದಾಗ ಎಳೆದರೆ ಪ್ರೊಸೆಸರೂ ಜೊತೆಗೇ ಕಿತ್ತು ಬರುತ್ತದೆ, ಅದರಡಿಯ ಕೂದಲಂಥ ಪಿನ್ನುಗಳು ಬಾಗಿಹೋಗುತ್ತವೆ.

"ಆಫ್ ಮಾಡಿ ಎಷ್ಟೊತ್ತಾಯ್ತು ಭಾವ?"

"ರಾತ್ರಿಯಿಂದ ಆಫೇ ಇದೆ. ತಣ್ಣಗಿದೆ."

"ಒಳ್ಳೇದಾಯ್ತು. ಎಳೀರಿ. ಜೋರಾಗೇ ಎಳೀರಿ."

ಫೋನಿನಲ್ಲಿ ಟಕ್ ಎಂದ ಸದ್ದು ಕೇಳಿಸಿತು. ಅಬ್ಬಾ, ಎಷ್ಟು ಹಿತವಾಗಿತ್ತು ಆ ಸದ್ದು!

ಮರುದಿನ ಅಕ್ಕ ಬಂದಳು. ಕೈಚೀಲದಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಪಿನ್ನು ಬಾಗಿದೆ ಅಂತ ಕೊಳ್ಳೋಕೆ ಬಂದವನು ಹಾಗೇ ಹೋದ. ಕಸಕ್ಕೆ ಹಾಕೋ ಬದಲು ನಿನ್ನ ತಂಗಿಗೆ ಕೊಡು ಅಂದ್ರು ನಿಮ್ಮ ಭಾವ. ಹೊಸದನ್ನ ಕೂರಿಸಿದ್ರೆ ಪರದೆ ಮೇಲೆ ಏನೂ ಬರ್ತಿಲ್ಲ. ಅಂಗಡಿಗೆ ಹೊತ್ಕೊಂಡು ಹೋಗಿದಾರೆ."

ಎಡಿಟರಮ್ಮನಿಗೆ ನಗು ಉಕ್ಕಿ ಬಂತು, ನುಂಗಿಕೊಂಡಳು. ಅಕ್ಕನ ಕೈಗೆ ಟಾರ್ಚು ಕೊಟ್ಟು ಖಾಲಿ ರೀಫಿಲ್ಲಿನ ತುದಿಯಿಂದ ಪಿನ್ನುಗಳನ್ನು ನೆಟ್ಟಗೆ ಮಾಡಲು ಕೂತಳು. ಒಂದು ಮುರಿದರೂ ಎಲ್ಲ ಮುಗಿಯಿತು. ಸೇಡು ತೀರಿಸಿಕೊಳ್ಳಲು ಹೋಗಿ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡೆನೇನೋ ಎಂದುಕೊಳ್ಳುತ್ತ ಒಂದೊಂದನ್ನೇ ಎತ್ತಿ ನಿಲ್ಲಿಸಿದಳು. ಕೊನೆಯ ಪಿನ್ನು ನೆಟ್ಟಗಾದಾಗ ಅವಳ ಬೆನ್ನೆಲ್ಲ ಬೆವರಿತ್ತು.

ಆಮೇಲೆ ತನ್ನ ಕಂಪ್ಯೂಟರಿಗೆ ಆ ಮದುವೆ ವಿಡಿಯೋ ಕೊಟ್ಟು ಚೆನ್ನಾಗಿ ಬಿಸಿಯಾಗಲು ಬಿಟ್ಟಳು. ಆರಿಸಿ, ವೈರು ಕಿತ್ತು, ಫ್ಯಾನನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಅಕ್ಕ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಬಿಸಿ ಇದ್ದಾಗಲೇ ತೆಗೀಬೇಕಲ್ವಾ?"

"ಹೂಂ" ಅಂದಳು ಎಡಿಟರಮ್ಮ, ತಲೆಯೆತ್ತದೆ.

ಅಗ್ಗದ ಪ್ರೊಸೆಸರು ಹೊರಗೆ ಬಂತು, ಭಾವನದು ಒಳಗೆ ಕೂತಿತು. ಗುಂಡಿ ಒತ್ತಿದಳು. ಪರದೆ ಬೆಳಗಿತು. ಮದುಮಗಳು ಒಂದೇ ಉಸಿರಿಗೆ ಬಾಗಿಲು ದಾಟಿ, ಅಂಗಳ ದಾಟಿ, ಕಾರು ಹತ್ತಿದಳು.

ಅಷ್ಟರಲ್ಲಿ ಭಾವನ ಫೋನು ಬಂತು.

"ಬೋರ್ಡಿನ ಸಾಫ್ಟ್‌ವೇರು ಹಳೇದಂತಮ್ಮ, ಹೊಸ ಪ್ರೊಸೆಸರಿನ ಗುರುತೇ ಅದಕ್ಕೆ ಸಿಗ್ತಿಲ್ಲವಂತೆ. ಹಳೇದನ್ನ ಹಾಕಿ ಅಪ್‌ಡೇಟ್ ಮಾಡಿದ್ರೇನೇ ಹೊಸದು ಓಡೋದಂತೆ. ಆ ಕಾಲದ್ದು ಈ ಅಂಗಡಿಯವರ ಹತ್ರ ಇಲ್ಲ, ಬಾಗಿದ ಪಿನ್ನು ಇಲ್ಲೇ ನೆಟ್ಟಗೆ ಮಾಡ್ತಾರಂತೆ. ಅಕ್ಕನ ಕೈಲಿ ಅದನ್ನ ವಾಪಸ್ ಕಳಿಸಿಬಿಡು. ಕೈಯಲ್ಲಿರೋ ಕೆಲಸವೆಲ್ಲ ನಿಂತುಹೋಗಿದೆ."

"ಕೊಟ್ಟಿದ್ದು ಕೊಟ್ಟಾಯ್ತಲ್ಲ ಭಾವ. ಅದನ್ನಂತೂ ಕೊಡಲ್ಲ" ಅಂದಳು. ಸ್ವರ ತಣ್ಣಗಿತ್ತು. "ನಂದೊಂದು ಬಿಚ್ಚಿಟ್ಟಿದೀನಿ. ಅದೇ ಬೋರ್ಡಿಂದು. ಕಳಿಸ್ತೀನಿ. ನಿಮ್ಮ ಕೆಲಸಕ್ಕೆ ಅದು ಸಾಕು."

ಆ ಕಡೆಯಿಂದ ಫೋನು ಕಟ್ಟಾಯಿತು.

ಅಕ್ಕ ಅಗ್ಗದ ಪ್ರೊಸೆಸರನ್ನು ಅದೇ ಡಬ್ಬಿಗಿಟ್ಟು ಮುಚ್ಚಳ ಒತ್ತಿದಳು.

"ನಿನ್ನೆ ಅವರ ಫೋನು ಸ್ಪೀಕರಲ್ಲಿತ್ತು" ಅಂದಳು. "ನಾನು ಪಕ್ಕದಲ್ಲೇ ನಿಂತಿದ್ದೆ."

ಎಡಿಟರಮ್ಮನ ಮುಖ ಕಪ್ಪಿಟ್ಟಿತು.

"ಸ್ಟುಡಿಯೋದಲ್ಲಿ ನೀನು ಬಿಸಿ ಮಾಡಿ ತೆಗೀತಿದ್ದದ್ದು ನಂಗೆ ಚೆನ್ನಾಗಿ ನೆನಪಿತ್ತು ಕಣೇ."

"ಮತ್ತೆ ಅವರಿಗ್ಯಾಕೆ ಹೇಳಲಿಲ್ಲ ಅಕ್ಕಾ?"

ಅಕ್ಕ ಡಬ್ಬಿಯನ್ನು ಕೈಚೀಲದ ತಳಕ್ಕೆ ಸೇರಿಸಿದಳು. ಟಾರ್ಚು ಇನ್ನೂ ಉರಿಯುತ್ತಿತ್ತು. ಅದನ್ನು ಆರಿಸಿ ತಂಗಿಯ ಕೈಗೆ ಕೊಟ್ಟಳು.

"ಬಸ್ಸಿಗೆ ಹೊತ್ತಾಯ್ತು" ಅಂದು ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲನ್ನು, ಏನೂ ಅವಸರವಿಲ್ಲದವಳ ಹಾಗೆ, ಒಂದೊಂದಾಗಿ ಇಳಿದಳು.