ನಿದ್ದೆ ಬಾರದ ಕಾವಲುಗಾರ

ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಕಾಯುವ ಆಳಿಗೆ ರಾತ್ರಿಗೆ ಒಂದೂವರೆ ರೂಪಾಯಿ, ಮೇಲೆ ಒಂದು ಹೊತ್ತಿನ ಮುದ್ದೆ, ಒಂದು ಕಟ್ಟು ಬೀಡಿ. ಒಂದು ಸಲ ತುಂಬಿದ ಸೊಪ್ಪು ಹದವಾಗಿ ಬೇಯಲು ಆರು ರಾತ್ರಿ ಬೇಕು; ಅಷ್ಟೂ ರಾತ್ರಿ ಒಲೆಯ ಶಾಖ ಏರದಂತೆ, ಇಳಿಯದಂತೆ ಒಬ್ಬ ಕಣ್ಣು ಬಿಟ್ಟುಕೊಂಡು ಕೂರಬೇಕು. ಸುಗ್ಗಿಗೆ ಎಂಟು ಸಲ ತುಂಬಿದರೆ ಎಪ್ಪತ್ತೆರಡು ರೂಪಾಯಿ. ರಾಮನಾಥಪುರದ ಹತ್ತಿರ ಮೂರು ಎಕರೆ ಸೊಪ್ಪು ಬೆಳೆಯುತ್ತಿದ್ದ ವಿಧವೆ ಬೆಟ್ಟಮ್ಮನಿಗೆ ಇದೆಲ್ಲ ಬಾಯಿಪಾಠ.

ಹಾಗಾಗಿ ಅರವತ್ತೆರಡನೇ ಇಸವಿಯಲ್ಲಿ ಹದಿನೆಂಟರ ಮಗ ಚನ್ನಪ್ಪನಿಗೆ ನಿದ್ದೆ ಬಾರದಾದಾಗ ಅವಳು ಹೆದರಲಿಲ್ಲ, ಹಿಗ್ಗಿದಳು. ಹುಡುಗ ಜೊತೆಗಾರರನ್ನು ಬಿಟ್ಟ, ಮಾತು ಕಡಿಮೆ ಮಾಡಿದ. ಆರು ರಾತ್ರಿ ಕೂತರೂ ತೂಕಡಿಸಲಿಲ್ಲ. ಮೈಗಳ್ಳ ಮಕ್ಕಳ ತಾಯಂದಿರ ಮುಂದೆ ಅದನ್ನು ಹೇಳಿಕೊಂಡು ತಿರುಗಿದಳು. ವರ್ಷಗಟ್ಟಲೆ ಬ್ಯಾರನ್ ಕಾದ ಲಕ್ಕಯ್ಯನನ್ನು ಬಿಡಿಸಿ ಮಗನನ್ನೇ ಕೂರಿಸಿದಳು.

ಹೋಗುವ ದಿನ ಲಕ್ಕಯ್ಯ ಜಗಲಿಯ ಕೆಳಗೇ ನಿಂತು ಹೇಳಿದ: “ತೂಕಡಿಸ್ತೀನಿ ಅಂತ ಬೈತಿದ್ರಲ್ಲ, ಅದು ಮನುಸನ್ ಲಕ್ಸಣ ಕಣ್ರವ್ವ. ನನ್ ತಮ್ಮಂಗೂ ಮೊದ್ಲು ಓಗಿದ್ದು ನಿದ್ದೆನೇ. ಆಮ್ಯಾಕೆ ಒಬ್ಬೊಬ್ನೇ ಮಾತಾಡೋಕ್ ಸುರು ಮಾಡ್ದ. ಆಸನದ ಡಾಕ್ಟ್ರಿಗೆ ಈಗ್ಲೇ ತೋರ್ಸಿ.”

“ಕೂಲಿ ಓಯ್ತು ಅಂತ ನನ್ ಮಗುಂಗೆ ಉಚ್ಚನ್ ಪಟ್ಟ ಕಟ್ತೀಯೇನ್ಲಾ ಲಕ್ಕ?”

ಕೂಲಿ ಕಳೆದುಕೊಂಡವನ ಬಾಯಲ್ಲಿ ಹಿತವಚನ ಬರುವುದಿಲ್ಲವೆಂದು ಅವಳು ಬದುಕಿನಿಂದ ಕಲಿತಿದ್ದಳು. ಒಲೆಯ ಮುಂದೆ ಮಗ ಏನೋ ಗೊಣಗುವುದನ್ನೂ ಲೆಕ್ಕಕ್ಕೆ ತರಲಿಲ್ಲ.

ಎರಡು ಸುಗ್ಗಿ ಕಳೆಯಿತು. ಮೂರನೆಯದರಲ್ಲಿ ಒಂದು ಬೆಳಗ್ಗೆ ರೊಟ್ಟಿ ತಂದವಳು ನೋಡುತ್ತಾಳೆ: ಬ್ಯಾರನ್ನಿನ ಬಾಗಿಲು ಹಾರು ಹೊಡೆದಿದೆ, ಒಲೆಗೆ ನೀರು ಸುರಿದಿದೆ. ಅರೆಬೆಂದ ಸೊಪ್ಪನ್ನು ಚನ್ನಪ್ಪ ಒಂದೊಂದೇ ಎಲೆಯಾಗಿ ನೆರಳಿನಲ್ಲಿ ಮಲಗಿಸುತ್ತಿದ್ದಾನೆ.

“ಉಸ್ರು ಕಟ್ತದೆ ಅಂತ ಎರಡ್ ವರ್ಸದಿಂದ ಅಳ್ತಾವೆ ಕಣವ್ವ,” ಎಂದ. “ನಿಂಗೊಂದ್ ದಿನಾನೂ ಕೇಳ್ನಿಲ್ವಾ?”

ಹಾಸನದ ಬಸ್ಸಿನಲ್ಲಿ ಮಗನ ಒಂದು ತೋಳನ್ನು ಬೆಟ್ಟಮ್ಮ ಹಿಡಿದಿದ್ದಳು; ಇನ್ನೊಂದನ್ನು ಹಿಡಿದು ಕೂತವನು ಲಕ್ಕಯ್ಯನೇ. ಕರೆಯಲು ಹೋದಾಗ ಅವನು ಹಳೆಯದನ್ನು ಎತ್ತಿರಲಿಲ್ಲ. ನಿದ್ದೆ ಬಾರದೆ ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದರು.

“ಎರಡ್ ವರ್ಸ, ಸಾ,” ಎಂದ ಲಕ್ಕಯ್ಯ.

ಆಗಲೇ ತಂದಿದ್ದರೆ ಹೊಸದಾಗಿ ಬಂದಿರುವ ಮಾತ್ರೆಗೆ ಕಾಯಿಲೆ ಬಗ್ಗುತ್ತಿತ್ತೇನೋ, ಈಗ ಗಲಾಟೆ ಅಡಗಿಸಬಹುದು, ಹಳೆಯ ಹುಡುಗ ಸಿಗುತ್ತಾನೆಂದು ಮಾತು ಕೊಡಲಾರೆ ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

ಮಾತ್ರೆ ನುಂಗಿ ಚನ್ನಪ್ಪ ಈಗ ಹಗಲೂ ಮಲಗುತ್ತಾನೆ. ಉಣ್ಣು ಎಂದರೆ ಉಣ್ಣುತ್ತಾನೆ. ಅವ್ವ ಎನ್ನುವುದಿಲ್ಲ. ಬ್ಯಾರನ್ ಮತ್ತೆ ಲಕ್ಕಯ್ಯನ ಕೈಯಲ್ಲಿದೆ. ಅವನು ತೂಕಡಿಸಿದರೆ ಬೆಟ್ಟಮ್ಮ ಬೈಯುವುದಿಲ್ಲ. ಎರಡು ಸುಗ್ಗಿಯ ಕೂಲಿ, ನೂರನಲವತ್ತನಾಲ್ಕು ರೂಪಾಯಿ ಉಳಿದಿತ್ತು. ಮಗ ಉಳಿಯಲಿಲ್ಲ.