ನಲವತ್ತೊಂದನೇ ಇಸವಿಯ ಹಡಗು

ಇದ್ರೀಸ್ ಸಾಹೇಬರು ನಾಳೆಯ ಮಾತು ಬಂದರೆ ತಡವರಿಸುತ್ತಾರೆ. ನಾಳೆ ರಾಮನಗರಕ್ಕೆ ಬರುತ್ತೀರಾ ಎಂದು ಕೇಳಿದರೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ನೋಡೋಣ ಎನ್ನುತ್ತಾರೆ. ಎರಡು ಸಾವಿರದ ನಲವತ್ತೊಂದನೇ ಇಸವಿಯಲ್ಲಿ ಪೂರ್ವ ಕರಾವಳಿಯ ಒಂದು ಹಡಗುಕಟ್ಟೆಯಲ್ಲಿ ಯಾವ ಹಡಗು ಕಟ್ಟುತ್ತಿರಬೇಕು, ಅದರ ಉಕ್ಕಿಗೆ ಯಾವ ವರ್ಷ ಬೇಡಿಕೆ ಕಳಿಸಿರಬೇಕು, ಅದನ್ನು ಬೆಸೆಯುವವರು ಈಗ ಎಷ್ಟನೇ ತರಗತಿಯಲ್ಲಿ ಓದುತ್ತಿರಬೇಕು ಎಂದು ಕೇಳಿದರೆ ಮಾತ್ರ, ಬರುವ ವಾರದ ಸಂತೆಯ ವಿಷಯ ಹೇಳುವವರಂತೆ ಸಲೀಸಾಗಿ ಹೇಳುತ್ತಾರೆ.

ಚನ್ನಪಟ್ಟಣದ ಬೊಂಬೆ ಕಡೆಯುವ ಮನೆತನದವರು. ಹಡಗು ವಿನ್ಯಾಸ ಓದಿ, ದೆಹಲಿಯ ಕಚೇರಿಯೊಂದರಲ್ಲಿ ಇಡೀ ಉದ್ಯೋಗಜೀವನವನ್ನು ಒಂದೇ ಕೆಲಸಕ್ಕೆ ಸವೆಸಿದರು: ದೇಶದ ನೌಕಾಪಡೆಗೆ ಮುಂದಿನ ಮೂವತ್ತು ವರ್ಷ ಎಲ್ಲಿ, ಯಾವ ಹಡಗು, ಯಾವುದರ ನಂತರ ಯಾವುದು ಎಂಬ ಯೋಜನೆ. ಸಮುದ್ರದ ಮೇಲೆ ಹೋದದ್ದು ಒಂದೇ ಸಲವಂತೆ. ದಡ ಕಣ್ಮರೆಯಾಗುವ ಮೊದಲೇ ವಾಂತಿಯಾಯಿತೆಂದು ಅವರೇ ಹೇಳಿದ್ದಾರೆ. ದೆಹಲಿಯ ಚಳಿಗೆಂದು ಹೊಲಿಸಿದ ನೀಲಿ ಉಣ್ಣೆಯ ಕೋಟನ್ನು ಇಲ್ಲಿಯ ಏಪ್ರಿಲ್ ಬಿಸಿಲಿನಲ್ಲೂ ಬಿಡುವುದಿಲ್ಲ. ಅಷ್ಟು ಜೇಬುಗಳಿರುವ ಬಟ್ಟೆ ಬೇರೆ ಸಿಕ್ಕಿಲ್ಲವೆಂಬುದು ಅವರ ಸಮಜಾಯಿಷಿ. ನಡಿಗೆ ಮಾತ್ರ ಇನ್ನೂ ಕಚೇರಿಯದೇ. ಸಣ್ಣ ಹೆಜ್ಜೆ, ಪ್ರತಿ ಬಾಗಿಲ ಮುಂದೆಯೂ ಒಂದು ಕ್ಷಣ ನಿಲ್ಲುವುದು, ಒಳಗಿನವರು ಕರೆಯಬಹುದೇನೋ ಎಂಬಂತೆ.

ನಾನು ಆರ್ಥಿಕ ಇತಿಹಾಸ ಕಲಿಸಿದವಳು. ಸರ್ಕಾರಿ ಯೋಜನೆಗಳನ್ನು ಓದಿ ಓದಿಯೇ ಅವುಗಳ ಮೇಲಿನ ನಂಬಿಕೆ ಕಳೆದುಕೊಂಡವಳು. ಹಾಗಾಗಿ ಈ ಮನುಷ್ಯನನ್ನು ಕಂಡಾಗ ಕುತೂಹಲ ತಕ್ಷಣ ಹುಟ್ಟಿತು. ಗೌರವ ಹುಟ್ಟಲು ಸಮಯ ಹಿಡಿಯಿತು.

ಅವರದೊಂದು ವಿಚಿತ್ರ ಹಟವಿದೆ. ಟೀ ಅರ್ಧ ಲೋಟಕ್ಕಿಳಿಯುವಾಗಲೇ ಇನ್ನೊಂದಕ್ಕೆ ಹೇಳಿಬಿಡುತ್ತಾರೆ. ಖಾಲಿ ಲೋಟ ಎದುರಿಗಿರುವುದನ್ನು ಅವರು ಸಹಿಸರು. ಅವರ ತಂಗಿ ಬದ್ರುನ್ನೀಸಾ, ಮನೆಯ ಬೊಂಬೆ ಕಾರ್ಖಾನೆಯನ್ನು ಈಗ ನಡೆಸುತ್ತಿರುವಾಕೆ, ನನಗೆ ದೂರು ಹೇಳಿದರು: "ನಮ್ಮ ಭಾಯಿಜಾನ್‌ಗೆ ಇಪ್ಪತ್ತು ವರ್ಸದ ಮ್ಯಾಲೆ ಬರೋ ಹಡಗು ಗೊತ್ತು ಕಣಮ್ಮ, ಸಂಜೆಗೆ ಬರೋ ನಲ್ಲಿ ನೀರು ಗೊತ್ತಿಲ್ಲ. ಹಾಲೆಲ್ಲಾ ಟೀಗೇ ಮುಗ್ಸಿಬುಡ್ತಾರೆ."

ಈ ಹಟದ ಮೂಲ ಕೇಳಿದೆ. ಅವರು ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಹಡಗುಕಟ್ಟೆಯಿಂದ ದೊಡ್ಡ ಹಡಗೊಂದು ನೀರಿಗಿಳಿಯಿತಂತೆ. ಹಾರ, ಭಾಷಣ, ಬ್ಯಾಂಡು. ಮುಂದಿನ ಹಡಗಿಗೆ ಅನುಮತಿ ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಬೆಸುಗೆಯವರು ಕೆಲವರು ಕೊಲ್ಲಿಯ ದೇಶಗಳಿಗೆ ಹೋದರು, ಒಬ್ಬ ಆಟೋ ಇಟ್ಟುಕೊಂಡ, ಒಬ್ಬ ಮೀನಿನ ವ್ಯಾಪಾರಕ್ಕಿಳಿದ. ಹೊಸಬರು ಬೆಸೆದ ಕೀಲುಗಳನ್ನು ತಪಾಸಣೆಯವರು ತಿರಸ್ಕರಿಸಿದರು. ಕಟ್ಟಿದ್ದನ್ನು ಕತ್ತರಿಸಿ ಮತ್ತೆ ಕಟ್ಟಬೇಕಾಯಿತು. "ಆಗ ನಮ್ಮ ಅಬ್ಬಾ ನೆನಪಾದ್ರು," ಎಂದರು. ವ್ಯಾಪಾರವಿಲ್ಲದ ತಿಂಗಳುಗಳಲ್ಲೂ ತಂದೆ ಕಡೆಯುವವರನ್ನು ಮನೆಗೆ ಕಳಿಸುತ್ತಿರಲಿಲ್ಲ. ಯಾರೂ ಕೇಳದ ಬುಗುರಿಗಳನ್ನು ಕಡೆಸಿ ಅಟ್ಟದ ಮೇಲೆ ಮೂಟೆಗಟ್ಟಿ ಇಡುತ್ತಿದ್ದರು. ಹುಡುಗ ಇದ್ರೀಸನಿಗೆ ಅದು ಹುಚ್ಚುತನವಾಗಿ ಕಂಡಿತ್ತು. ಮೂಟೆಗಳು ಇನ್ನೂ ಅಲ್ಲೇ ಇವೆ, ಇಲಿಗಳಿಗೂ ಬೇಡವಾಗಿವೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಾನು ಆ ಕಾರ್ಖಾನೆಯಲ್ಲಿ ಕೂತಿದ್ದಾಗ ಮಹೇಂದ್ರ ಎಂಬ ಅಧಿಕಾರಿ ಬಂದ. ಕೋಡಿಹಳ್ಳಿಯವನು, ದೆಹಲಿಯಲ್ಲಿ ಇವರ ಕೈಕೆಳಗೇ ಕೆಲಸ ಕಲಿತವನು. ಯೋಜನೆಯ ಕಡತ ಈಗ ಅವನ ಮೇಜಿನ ಮೇಲಿತ್ತು. ನಿವೃತ್ತರಾದ ಮೇಲೂ ಇದ್ರೀಸ್ ಸಾಹೇಬರು ಸಲಹಾ ಸಮಿತಿಯಲ್ಲಿದ್ದರು. ಅವರು ಒಪ್ಪದೆ ಕರಡು ಮುಂದಕ್ಕೆ ಹೋಗುವಂತಿರಲಿಲ್ಲ. ಮಹೇಂದ್ರ ಕೇಳಿದ್ದು ಒಂದೇ. ನಲವತ್ತೊಂದರ ಚಿಕ್ಕ ಹಡಗನ್ನು ಕೈಬಿಡಬೇಕು. ಎರಡು ದೊಡ್ಡ ಯುದ್ಧನೌಕೆಗಳ ನಡುವಿನ ಎರಡು ವರ್ಷ ಕಟ್ಟೆ ಖಾಲಿ ಬೀಳದಿರಲೆಂದು ಇವರು ಸೇರಿಸಿದ್ದ, ಸಮುದ್ರತಳ ಅಳೆಯುವ ಸಮೀಕ್ಷಾ ಹಡಗು ಅದು. ನೌಕಾಪಡೆ ಕೇಳಿರಲಿಲ್ಲ, ಹಣಕಾಸಿನವರಿಗೆ ಬೇಕಿರಲಿಲ್ಲ.

"ನಾಳೆ ಬೆಳಿಗ್ಗೆ ಒಂದ್ ಮೇಲ್ ಹಾಕ್ಬುಡಿ ಸಾರ್, ಒಪ್ಕೊಂಡಿದೀನಿ ಅಂತ. ಮಿಕ್ಕಿದ್ದೆಲ್ಲಾ ಪಾಸಾಯ್ತದೆ. ಇಲ್ದಿದ್ರೆ ಇಡೀ ಫೈಲೇ ವಾಪಸ್ ಬತ್ತದೆ, ಇನ್ನೆಷ್ಟು ವರ್ಸವೋ. ನಿಮ್ ಪ್ಲಾನು, ನೀವಿರೋವಾಗ್ಲೇ ಆಗ್ಲಿ ಅಂತ ನನ್ ಆಸೆ."

"ಸಾಯೋದ್ರೊಳಗೆ ಅಂತ ನೆಟ್ಟಗೆ ಹೇಳಪ್ಪ, ನಾಚ್ಕೆ ಯಾಕೆ?" ಎಂದರು ಬದ್ರುನ್ನೀಸಾ, ಬಣ್ಣದ ಅರಗನ್ನು ಬೇರ್ಪಡಿಸುತ್ತಲೇ.

ಇದ್ರೀಸ್ ಸಾಹೇಬರು ನಕ್ಕರು. "ಆ ಎರಡು ವರ್ಷ ಬೆಸುಗೆಯವರು ಏನ್ ಮಾಡ್ತಾರೆ ಮಹೇಂದ್ರ?"

"ಅದನ್ನ ಆವಾಗಿನೋರು ನೋಡ್ಕೊತಾರೆ ಸಾರ್. ಅಷ್ಟೊತ್ಗೆ ನಾನೂ ರಿಟೈರು."

ಅವನು ಸುಳ್ಳು ಹೇಳಲಿಲ್ಲ, ಕೆಟ್ಟವನೂ ಅಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಸಹಿ ಹಾಕಿಬಿಡುತ್ತಿದ್ದೆ. ಇದ್ರೀಸ್ ಸಾಹೇಬರು ಕನ್ನಡಕ ತೆಗೆಯಬಹುದೆಂದು ಕಾದೆ, ತೆಗೆಯಲಿಲ್ಲ. ಅತಿಥಿಯ ಲೋಟದತ್ತ ನೋಡಿ ಇನ್ನೊಂದು ಟೀಗೆ ಹೇಳಿ, "ನಾಳೆವರ್ಗೂ ಯಾಕಪ್ಪ? ಈಗ್ಲೇ ಹೇಳ್ತೀನಿ. ಒಪ್ಪಲ್ಲ," ಎಂದರು.

ಮಹೇಂದ್ರ ಎರಡನೆಯ ಲೋಟ ಮುಟ್ಟದೆ ಎದ್ದ. ಕಾಲಿಗೆ ನಮಸ್ಕಾರ ಮಾಡಿಯೇ ಹೋದ.

"ಒಂದಿಡೀ ಜನ್ಮದ ಕೆಲಸ, ಒಂದ್ ಟೀ ಆರೋದ್ರೊಳಗೆ ಕಳ್ಕೊಂಬುಟ್ರಲ್ಲ!" ಎಂದರು ತಂಗಿ. ಕಡತ ಹಿಂದಿರುಗಿತು. ಹೊಸ ಸಮಿತಿಯಲ್ಲಿ ಇವರ ಹೆಸರಿಲ್ಲ. ಪಶ್ಚಾತ್ತಾಪವಿದೆಯೇ ಎಂದು ನಾನು ನೇರವಾಗಿಯೇ ಕೇಳಿದೆ. "ನಲವತ್ತೊಂದು ಇನ್ನೂ ಬಂದಿಲ್ವಲ್ಲಮ್ಮ," ಎಂದರು.

ದೂರದ ಕಾಲಕ್ಕೆ ದುಡಿಯುವವರನ್ನು ನಿಸ್ವಾರ್ಥಿಗಳೆಂದು ಹೊಗಳುವುದು ವಾಡಿಕೆ. ಇವರನ್ನು ಕಂಡ ಮೇಲೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಇವರು ದುರಾಸೆಯವರು. ನಮಗೆ ನಮ್ಮ ಆಯುಷ್ಯದಷ್ಟು ಕಾಲ ಸಾಕು. ಇವರಿಗೆ ತಾವಿಲ್ಲದ ವರ್ಷಗಳಲ್ಲೂ ಪಾಲು ಬೇಕು, ಹೆಸರಿಲ್ಲದಿದ್ದರೂ ಸರಿ. ಸಿಕ್ಕಷ್ಟಕ್ಕೆ ಸಹಿ ಹಾಕುವವರಿಂದಲೇ ಕಚೇರಿಗಳು ನಡೆಯುತ್ತವೆ ಎಂಬುದೂ ನಿಜ. ಆದರೆ ಇಂಥ ದುರಾಸೆಯವರೊಬ್ಬರೂ ಇಲ್ಲದ ಕಡೆ, ಖಾಲಿ ವರ್ಷಗಳು ಬಂದ ಮೇಲೆಯೇ ಕಣ್ಣಿಗೆ ಬೀಳುತ್ತವೆ.